ಜಾಲ ಸ್ವಂತದ್ದೋ, ಬಾಡಿಗೆಯದೋ?

ನಿಮ್ಮ ಊರಿನ ಸಹಕಾರಿ ಬ್ಯಾಂಕಿಗೋ ಕಾಲೇಜಿಗೋ ಆಸ್ಪತ್ರೆಗೋ ಹೋದಾಗ, ಒಂದು ಮೂಲೆಯ ಕಬ್ಬಿಣದ ಕಪಾಟಿನಲ್ಲಿ ಹಸಿರು ದೀಪಗಳು ಮಿನುಗುತ್ತಿರುವ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಒಂದು ರೂಟರ್. ಕಟ್ಟಡದೊಳಗಿನ ಜಾಲವನ್ನು ಹೊರಗಿನ ಅಂತರಜಾಲಕ್ಕೆ ಸೇರಿಸುವುದು ಅದರ ಕೆಲಸ. ಇನ್ನೊಂದು ಸ್ವಿಚ್, ಅದು ಒಳಗಿನ ಗಣಕಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಬಾಗಿಲ ಕಾವಲಿಗೆ ಫೈರ್‌ವಾಲ್ ಎಂಬ ಮತ್ತೊಂದು ಪೆಟ್ಟಿಗೆ. ಇವು ಒಂದು ಗಂಟೆ ನಿಂತರೂ ಸಾಕು, ಬ್ಯಾಂಕಿನಲ್ಲಿ ಹಣ ಕೊಡುವವರೂ ಇಲ್ಲ, ಕಾಲೇಜಿನಲ್ಲಿ ಅಂಕಪಟ್ಟಿ ತೆಗೆಯುವವರೂ ಇಲ್ಲ.

ಈ ಪೆಟ್ಟಿಗೆಗಳು ಹಳತಾದಾಗ ಆಡಳಿತ ಮಂಡಳಿಯ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ದರಪಟ್ಟಿಗಳು ಬರುತ್ತವೆ. ಮೊದಲನೆಯದರಲ್ಲಿ ಉಪಕರಣಗಳ ಬೆಲೆ ಇರುತ್ತದೆ. ಒಮ್ಮೆ ಹಣ ಕೊಟ್ಟರೆ ಅವು ನಿಮ್ಮವು. ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಎರಡನೆಯದರಲ್ಲಿ ಬೆಲೆಯೇ ಇಲ್ಲ, ತಿಂಗಳ ಚಂದಾ ಮಾತ್ರ. ಪೆಟ್ಟಿಗೆ ಕಂಪನಿಯದು. ಅದನ್ನು ಕೂರಿಸುವುದು, ದೂರದಿಂದಲೇ ಅದರ ಮೇಲೆ ಕಣ್ಣಿಡುವುದು, ಕೆಟ್ಟರೆ ಬದಲಿಸುವುದು ಎಲ್ಲವೂ ಕಂಪನಿಯ ಕೆಲಸ. ಇದನ್ನೇ ಪೇಟೆಯಲ್ಲಿ ಮ್ಯಾನೇಜ್ಡ್ ನೆಟ್‌ವರ್ಕ್ ಎಂದು ಕರೆಯುತ್ತಾರೆ. ಯಾವುದನ್ನು ಆರಿಸಬೇಕು? ಲೆಕ್ಕಾಧಿಕಾರಿ ಒಂದು ಹೇಳುತ್ತಾರೆ, ಗಣಕ ವಿಭಾಗದವರು ಇನ್ನೊಂದು ಹೇಳುತ್ತಾರೆ, ಕೊನೆಗೆ ಕಡಿಮೆ ಮೊತ್ತದ ಹಾಳೆಗೆ ಸಹಿ ಬೀಳುತ್ತದೆ.

ಇದು ಅಂತರಜಾಲದ ಕಾಲದ ಹೊಸ ತೊಡಕು ಎಂದು ನೀವು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಪ್ರಶ್ನೆಗೆ ದೂರವಾಣಿಯಷ್ಟೇ ವಯಸ್ಸಾಗಿದೆ. ಸುಮಾರು ನೂರೈವತ್ತು ವರ್ಷಗಳಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ, ನಮ್ಮ ಸಂಸತ್ತಿನ ಬಾಗಿಲನ್ನೂ ತಟ್ಟಿದೆ. ಅಲ್ಲಿ ನಡೆದದ್ದನ್ನು ಒಮ್ಮೆ ನೋಡಿದರೆ, ದರಪಟ್ಟಿಯ ಕೊನೆಯ ಸಾಲಿನ ಮೊತ್ತಕ್ಕಿಂತ ಮುಖ್ಯವಾದದ್ದು ಯಾವುದು ಎಂಬುದು ತಿಳಿಯುತ್ತದೆ.

ಪಾದರಕ್ಷೆಯ ಯಂತ್ರದಿಂದ ಬಂದ ಉಪಾಯ

ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ದೂರವಾಣಿಯ ಪೇಟೆಂಟ್ ದೊರೆತದ್ದು 1876ರ ಮಾರ್ಚ್ 7ರಂದು. ಉಪಕರಣವೇನೋ ಸಿದ್ಧವಾಯಿತು, ಅದನ್ನು ಜನರಿಗೆ ತಲಪಿಸುವುದು ಹೇಗೆ? ಬೆಲ್‌ನ ಮಾವನಾಗಲಿದ್ದ ಗಾರ್ಡಿನರ್ ಹಬ್ಬರ್ಡ್ ವೃತ್ತಿಯಿಂದ ವಕೀಲ. ಪಾದರಕ್ಷೆ ಹೊಲಿಯುವ ಯಂತ್ರಗಳನ್ನು ತಯಾರಿಸುತ್ತಿದ್ದ ಗಾರ್ಡನ್ ಮೆಕೇ ಎಂಬುವನ ಕಂಪನಿಗೆ ಆತ ಸಲಹೆಗಾರನಾಗಿದ್ದ. ಆ ಕಂಪನಿ ಯಂತ್ರಗಳನ್ನು ಮಾರುತ್ತಿರಲಿಲ್ಲ. ಬಾಡಿಗೆಗೆ ಕೊಟ್ಟು, ಹೊಲಿದ ಪ್ರತಿ ಜೊತೆಗೆ ಇಷ್ಟೆಂದು ಹಣ ಪಡೆಯುತ್ತಿತ್ತು. ಹಬ್ಬರ್ಡ್ ಅದೇ ಉಪಾಯವನ್ನು ದೂರವಾಣಿಗೂ ತಂದ. 1877ರ ಮೇ ತಿಂಗಳ ಪ್ರಕಟಣೆಯ ಪ್ರಕಾರ ಎರಡು ದೂರವಾಣಿಗಳಿಗೆ ವರ್ಷದ ಬಾಡಿಗೆ ಮನೆಬಳಕೆಗಾದರೆ 20 ಡಾಲರ್, ವ್ಯಾಪಾರಕ್ಕಾದರೆ 40 ಡಾಲರ್. ಉಪಕರಣವನ್ನು ಸುಸ್ಥಿತಿಯಲ್ಲಿಡುವ ಖರ್ಚು ಕಂಪನಿಯದು, ಬಳಕೆದಾರನ ತೀರಾ ಅಜಾಗರೂಕತೆಯಿಂದ ಹಾಳಾದರೆ ಮಾತ್ರ ಅವನದು.

ಇಂದಿನ ಜಾಲಸೇವೆಯ ಒಪ್ಪಂದಪತ್ರವನ್ನು ಓದಿದವರಿಗೆ ಈ ಷರತ್ತು ಚಿರಪರಿಚಿತ. ಗೃಹಬಳಕೆಗೆ ಒಂದು ದರ, ವಾಣಿಜ್ಯಕ್ಕೆ ಅದರ ಎರಡರಷ್ಟು ಎಂಬುದೂ ಅಷ್ಟೇ ಹಳೆಯದು ನೋಡಿ!

ಬಾಡಿಗೆ ಪದ್ಧತಿ ಆಗ ಬಳಕೆದಾರನಿಗೂ ಅನುಕೂಲವೇ ಆಗಿತ್ತು. ಬೆಲ್‌ನ ಮೊದಲ ಉಪಕರಣದಲ್ಲಿ ಮಾತನಾಡುವವನ ಧ್ವನಿಯ ಶಕ್ತಿಯೇ ವಿದ್ಯುತ್ತನ್ನು ಹುಟ್ಟಿಸಬೇಕಿತ್ತು. ಹಾಗಾಗಿ ತಂತಿಯ ಆ ತುದಿಗೆ ಕ್ಷೀಣ ಸ್ವರವಷ್ಟೇ ತಲಪುತ್ತಿತ್ತು. ಕೆಲವೇ ವರ್ಷಗಳಲ್ಲಿ ಇಂಗಾಲದ ಪ್ರೇಷಕ ಬಂದಿತು. ಅದರಲ್ಲಿ ಶಕ್ತಿ ಬ್ಯಾಟರಿಯದು. ಧ್ವನಿ ಇಂಗಾಲದ ರೋಧವನ್ನು ಏರಿಳಿಸುತ್ತದೆ ಅಷ್ಟೆ. ಮಾತು ಸ್ಪಷ್ಟವಾಯಿತು. ಹಳೆಯ ಉಪಕರಣವನ್ನು ಹಣ ಕೊಟ್ಟು ಕೊಂಡವನಾಗಿದ್ದರೆ ಅದನ್ನು ಮೂಲೆಗೆಸೆದು ಹೊಸದನ್ನು ಕೊಳ್ಳಬೇಕಿತ್ತು. ಬಾಡಿಗೆದಾರನಿಗೆ ಆ ಚಿಂತೆ ಇರಲಿಲ್ಲ. ತಂತ್ರಜ್ಞಾನ ವೇಗವಾಗಿ ಬದಲಾಗುವಾಗ, ಹಳತಾಗುವ ನಷ್ಟವನ್ನು ಬಾಡಿಗೆ ಕೊಟ್ಟವನು ಹೊರುತ್ತಾನೆ. ಇನ್ನೂ ಒಂದು ಲಾಭವಿತ್ತು. ದುರಸ್ತಿಯ ಖರ್ಚು ತನ್ನದೇ ಆದ್ದರಿಂದ ಕಂಪನಿ ಉಪಕರಣಗಳನ್ನು ಬಲು ಗಟ್ಟಿಯಾಗಿ ತಯಾರಿಸಿತು. 1949ರಲ್ಲಿ ಬಂದ ಅದರ 500 ಎಂಬ ಮಾದರಿಯ ದೂರವಾಣಿಗಳು ದಶಕಗಟ್ಟಲೆ ಬಾಳಿದವು.

ಗೋಡೆಗೆ ಮೊಳೆ ಹೊಡೆಯಬಹುದೇ?

ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು, ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕು. ಅಮೆರಿಕದ ದೂರವಾಣಿ ಬಳಕೆದಾರನ ಪಾಡೂ ಅದೇ ಆಯಿತು. ಉಪಕರಣ ಬೆಲ್ ಸಮೂಹದ ಎಟಿ ಅಂಡ್ ಟಿ ಕಂಪನಿಯದು, ತಂತಿ ಅದರದು, ತಯಾರಿಕೆಯೂ ಅದೇ ಸಮೂಹದ ವೆಸ್ಟರ್ನ್ ಎಲೆಕ್ಟ್ರಿಕ್‌ನದು. ಬೇರೆಯವರು ಮಾಡಿದ ಯಾವುದನ್ನೂ ಅದಕ್ಕೆ ಜೋಡಿಸಕೂಡದು ಎಂಬುದು ನಿಯಮ. ಕಂಪನಿ ಕೊಡುತ್ತಿದ್ದ ಕಾರಣ, ಕಳಪೆ ಉಪಕರಣವೊಂದು ಜಾಲಕ್ಕೆ ಸೇರಿದರೆ ಎಲ್ಲರ ಸಂಪರ್ಕವೂ ಕೆಡುತ್ತದೆ ಎಂಬುದು. ಇದರಲ್ಲಿ ತಥ್ಯವಿಲ್ಲದಿಲ್ಲ. ಹೆಚ್ಚಿನ ವೋಲ್ಟೇಜನ್ನು ತಂತಿಗೆ ಬಿಟ್ಟರೆ ಕಂಬದ ಮೇಲಿನ ಕೆಲಸಗಾರನಿಗೆ ಅಪಾಯ. ಸಂಕೇತದ ಮಟ್ಟ ಮಿತಿಮೀರಿದರೆ ಪಕ್ಕದ ತಂತಿಯಲ್ಲಿ ಅದರ ಮಾತು ಕೇಳಿಸುತ್ತದೆ. ಆದರೆ ಕಂಪನಿ ಈ ನಿಯಮವನ್ನು ಎಲ್ಲಿಯವರೆಗೆ ಎಳೆಯಿತು ಎಂಬುದೇ ಸ್ವಾರಸ್ಯ.

ಹಶ್-ಎ-ಫೋನ್ ಎಂಬ ಒಂದು ಸಣ್ಣ ಬಟ್ಟಲಿತ್ತು. ಮಾತನಾಡುವ ತುದಿಗೆ ಅದನ್ನು ಸಿಕ್ಕಿಸಿದರೆ ಪಕ್ಕದಲ್ಲಿರುವವರಿಗೆ ಮಾತು ಕೇಳುತ್ತಿರಲಿಲ್ಲ. ಅದರಲ್ಲಿ ವಿದ್ಯುತ್ತಿನ ಸಂಬಂಧವೇ ಇರಲಿಲ್ಲ. ಅಂಗೈಯನ್ನು ಬಾಯಿಗೆ ಮರೆಮಾಡಿ ಮಾತನಾಡಿದರೆ ಆಗುವ ಪರಿಣಾಮವೇ ಅದರದ್ದೂ. ಆದರೂ ಎಟಿ ಅಂಡ್ ಟಿ ಇದನ್ನು ನಿಷೇಧಿಸಿತು. ಬಟ್ಟಲಿನ ತಯಾರಕ ಶ್ರವಣವಿಜ್ಞಾನಿ ಲಿಯೋ ಬೆರಾನೆಕ್ ಅವರ ನೆರವು ಪಡೆದ. ವಕೀಲರ ವಾದಕ್ಕೆ ಭೌತವಿಜ್ಞಾನ ಬೇಕಾಗುವುದು ಅಪರೂಪ, ಇಲ್ಲಿ ಬೇಕಾಯಿತು. ಅಮೆರಿಕದ ಸಂಪರ್ಕ ಆಯೋಗ 1955ರಲ್ಲಿ ಕಂಪನಿಯ ಪರವಾಗಿಯೇ ತೀರ್ಪಿತ್ತಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇತರರಿಗೆ ತೊಂದರೆಯಾಗದಂತೆ ತನ್ನ ದೂರವಾಣಿಯನ್ನು ತನಗೆ ಬೇಕಾದಂತೆ ಬಳಸುವ ಹಕ್ಕು ಚಂದಾದಾರನಿಗೆ ಇದೆ ಎಂಬುದು ಅದರ ಸಾರ.

ಇದರಿಂದ ತೆರೆದದ್ದು ಸಣ್ಣ ಕಿಂಡಿ. ಅದನ್ನು ಬಾಗಿಲಾಗಿಸಿದವನು ಟೆಕ್ಸಾಸಿನ ಟಾಮ್ ಕಾರ್ಟರ್. ಅವನ ಕಾರ್ಟರ್‌ಫೋನ್ ಒಂದು ತೊಟ್ಟಿಲಿನಂಥ ಸಾಧನ. ದೂರವಾಣಿಯ ಕೈಹಿಡಿಯನ್ನು ಅದರಲ್ಲಿ ಮಲಗಿಸಿದರೆ, ದೂರದ ಎಣ್ಣೆಬಾವಿಯಲ್ಲಿ ರೇಡಿಯೋ ಹಿಡಿದು ನಿಂತವನೊಡನೆ ಮಾತನಾಡಬಹುದಿತ್ತು. 1968ರ ಜೂನ್‌ನಲ್ಲಿ ಆಯೋಗ ಕಾರ್ಟರನ ಪರವಾಗಿ ನಿಂತಿತು. ಹೊರಗಿನ ಉಪಕರಣಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ, ಜಾಲಕ್ಕೆ ನಿಜವಾಗಿ ಹಾನಿಯಾಗುವುದಾದರೆ ಮಾತ್ರ ತಡೆಯಬಹುದು ಎಂದಿತು.

ಈ ನಿಷೇಧದ ಗುರುತು ಗಣಕಗಳ ಮೇಲೂ ಬಿದ್ದಿತ್ತು. ಹಳೆಯ ಚಿತ್ರಗಳಲ್ಲಿ ಎರಡು ರಬ್ಬರ್ ಬಟ್ಟಲುಗಳಿಗೆ ದೂರವಾಣಿಯ ಕೈಹಿಡಿಯನ್ನು ಒತ್ತಿ ಕೂರಿಸಿದ ಮೋಡೆಮ್ ನೀವು ನೋಡಿರಬಹುದು. ಗಣಕದ 0 ಮತ್ತು 1ಗಳನ್ನು ಅದು ಎರಡು ಸ್ವರಗಳಾಗಿ ಮಾರ್ಪಡಿಸುತ್ತಿತ್ತು. ಆ ಕಾಲದ ಒಂದು ಪ್ರಸಿದ್ಧ ಮಾದರಿಯಲ್ಲಿ ಒಂದು ದಿಕ್ಕಿಗೆ 1070 ಮತ್ತು 1270 ಹರ್ಟ್ಸ್, ಎದುರು ದಿಕ್ಕಿಗೆ 2025 ಮತ್ತು 2225 ಹರ್ಟ್ಸ್. ತಂತಿಗೆ ನೇರವಾಗಿ ಸೇರಿಸಿದ್ದರೆ ಸುಲಭವಾಗುತ್ತಿತ್ತು. ಅಪ್ಪಣೆ ಇಲ್ಲದ್ದರಿಂದ ವಿದ್ಯುತ್ತನ್ನು ಶಬ್ದವಾಗಿಸಿ, ಶಬ್ದವನ್ನು ಮತ್ತೆ ವಿದ್ಯುತ್ತಾಗಿಸುವ ಸುತ್ತುದಾರಿ ಹಿಡಿಯಬೇಕಾಯಿತು. ವೇಗ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಅಕ್ಷರ. ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಅದೂ ದತ್ತಾಂಶದ ಜೊತೆ ಸೇರಿಕೊಳ್ಳುತ್ತಿತ್ತು! ಭೌತವಿಜ್ಞಾನ ಹೇರಿದ ಮಿತಿಗಳ ಬಗ್ಗೆ ನಾವು ಪಾಠ ಮಾಡುತ್ತೇವೆ. ಬಾಡಿಗೆ ಕರಾರು ಹೇರಿದ ಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಗೆ 1975ರಲ್ಲಿ ಆಯೋಗ ಒಂದು ತಾಂತ್ರಿಕ ನಿಯಮಾವಳಿಯನ್ನು ಹೊರಡಿಸಿತು. ವೋಲ್ಟೇಜ್ ಇಷ್ಟು, ಸಂಕೇತದ ಮಟ್ಟ ಇಷ್ಟು. ಇದಕ್ಕೆ ಒಳಪಟ್ಟು ನೋಂದಣಿಯಾದ ಉಪಕರಣವನ್ನು ಯಾರು ತಯಾರಿಸಿದ್ದರೂ ಸೇರಿಸಬಹುದು. ಸೇರಿಸುವ ಕೊಂಡಿಗೆ ನೋಂದಾಯಿತ ಜ್ಯಾಕ್ ಎಂದೇ ಹೆಸರಾಯಿತು, ಇಂಗ್ಲಿಷಿನಲ್ಲಿ ರಿಜಿಸ್ಟರ್ಡ್ ಜ್ಯಾಕ್. ಅದರ ಮೊದಲೆರಡು ಅಕ್ಷರಗಳೇ ಆರ್‌ಜೆ. ನಿಮ್ಮ ಗಣಕಕ್ಕೆ ಜಾಲದ ತಂತಿಯನ್ನು ಸಿಕ್ಕಿಸುವಾಗ ಟಕ್ಕೆಂದು ಕೂರುವ ಆ ಪಾರದರ್ಶಕ ಪ್ಲಾಸ್ಟಿಕ್ ತುದಿಯನ್ನು ಅಂಗಡಿಯವರು ಆರ್‌ಜೆ-45 ಎನ್ನುತ್ತಾರಲ್ಲ, ಬಾಡಿಗೆದಾರರ ಆ ಹೋರಾಟದ ಗುರುತು ಅದರ ಹೆಸರಿನಲ್ಲಿ ಉಳಿದಿದೆ.

ನಮ್ಮಲ್ಲೂ ದೂರವಾಣಿ ಬಹುಕಾಲ ಸರ್ಕಾರದ ಸ್ವತ್ತೇ ಆಗಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿದ ಕಪ್ಪು ಉಪಕರಣ ಮನೆಗೆ ಬರುತ್ತಿತ್ತು, ಬಿಲ್ಲಿನಲ್ಲಿ ಬಾಡಿಗೆ ಸೇರುತ್ತಿತ್ತು. ಬಳಕೆದಾರರ ಮನೆಯಲ್ಲಿರುವ ಉಪಕರಣಗಳ ತಯಾರಿಕೆಯನ್ನು ಖಾಸಗಿಯವರಿಗೆ ತೆರೆದದ್ದು 1984ರಲ್ಲಿ. ಗುಂಡಿ ಒತ್ತುವ ಬಣ್ಣಬಣ್ಣದ ದೂರವಾಣಿಗಳು ಆಮೇಲೆ ಬಂದವು.

ಐದು ವರ್ಷದ ಗೆರೆ

ಈಗ ಗಣಕದ ಕಡೆ ಹೊರಳೋಣ. ಅಲ್ಲಿಯೂ ಬಾಡಿಗೆಯ ಸಂಪ್ರದಾಯ ಹಳೆಯದೇ. ಐಬಿಎಮ್ ಕಂಪನಿ ತನ್ನ ರಂಧ್ರಕಾರ್ಡ್ ಯಂತ್ರಗಳನ್ನು ಮಾರುತ್ತಿರಲಿಲ್ಲ. ಬಾಡಿಗೆಗೆ ಪಡೆದವರು ಕಾರ್ಡನ್ನೂ ತನ್ನಿಂದಲೇ ಕೊಳ್ಳಬೇಕೆಂಬ ಷರತ್ತು ಬೇರೆ. ಬೇರೆ ಕಾರ್ಡ್ ಹಾಕಿದರೆ ಎಣಿಕೆ ತಪ್ಪುತ್ತದೆ ಎಂದು ಅದು ವಾದಿಸಿತು. 1936ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ: ಕಾರ್ಡಿನ ಗುಣಮಟ್ಟ ಹೇಗಿರಬೇಕೆಂದು ಹೇಳಿ, ಆದರೆ ನಮ್ಮಿಂದಲೇ ಕೊಳ್ಳಿ ಎನ್ನಬೇಡಿ. ದೂರವಾಣಿಯ ಪ್ರಕರಣದಲ್ಲಿ 1975ರಲ್ಲಿ ಸಿಕ್ಕ ಉತ್ತರ ಇಲ್ಲಿ ಮೊದಲೇ ಸಿಕ್ಕಿತ್ತು ಎನ್ನಬಹುದು.

1956ರ ಜನವರಿಯಲ್ಲಿ ಒಂದು ವಿಚಿತ್ರ ಕಾಕತಾಳೀಯ ನಡೆಯಿತು. ಅಮೆರಿಕ ಸರ್ಕಾರ ಹೂಡಿದ್ದ ದಾವೆಯಲ್ಲಿ ಎಟಿ ಅಂಡ್ ಟಿ 24ರಂದು ರಾಜಿಯಾಯಿತು, ಐಬಿಎಮ್ ಮರುದಿನ. ಮೊದಲ ರಾಜಿಯಿಂದ ಟ್ರಾನ್ಸಿಸ್ಟರ್ ಸೇರಿದಂತೆ ಬೆಲ್ ಪ್ರಯೋಗಾಲಯದ ಪೇಟೆಂಟುಗಳು ಇತರರಿಗೂ ದಕ್ಕಿದವು. ಎರಡನೆಯದರಿಂದ ಐಬಿಎಮ್ ತನ್ನ ಯಂತ್ರಗಳನ್ನು, ಬಾಡಿಗೆಗೆ ಹೋಲಿಸಿದರೆ ನಷ್ಟವೆನಿಸದ ಬೆಲೆಗೆ, ಮಾರಲೂ ಬೇಕಾಯಿತು. ಎಂದರೆ ಗಿರಾಕಿಗೆ ಮೊದಲ ಬಾರಿಗೆ ಎರಡು ದರಪಟ್ಟಿಗಳು ದೊರೆತವು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ಕಾಲೇಜಿನ ಜಾಲ ಉಪಕರಣಗಳ ಬೆಲೆ 6 ಲಕ್ಷ ರೂಪಾಯಿ, ವಾರ್ಷಿಕ ನಿರ್ವಹಣೆ 60 ಸಾವಿರ ಎಂದಿಟ್ಟುಕೊಳ್ಳಿ. ಚಂದಾ ಪದ್ಧತಿಯಲ್ಲಾದರೆ ತಿಂಗಳಿಗೆ 15 ಸಾವಿರ, ಅಂದರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಐದು ವರ್ಷಕ್ಕೆ ಎರಡೂ ಸರಿಯಾಗಿ 9 ಲಕ್ಷ. ಉಪಕರಣ ಮೂರೇ ವರ್ಷಕ್ಕೆ ಹಳತಾದರೆ ಕೊಂಡವನು ತೆತ್ತದ್ದು 7 ಲಕ್ಷ 80 ಸಾವಿರ, ಚಂದಾದಾರ ತೆತ್ತದ್ದು 5 ಲಕ್ಷ 40 ಸಾವಿರ. ಎಂಟು ವರ್ಷ ಬಾಳಿದರೆ ತಿರುವುಮುರುವು: ಕೊಂಡವನದು 10 ಲಕ್ಷ 80 ಸಾವಿರ, ಚಂದಾದಾರನದು 14 ಲಕ್ಷ 40 ಸಾವಿರ. ನಕ್ಷೆ ಬರೆದರೆ ಎರಡು ಸರಳರೇಖೆಗಳು ಐದನೆಯ ವರ್ಷದಲ್ಲಿ ಒಂದನ್ನೊಂದು ಕಡಿಯುತ್ತವೆ. ಹಾಗಾದರೆ ಉತ್ತರ ಇರುವುದು ಉಪಕರಣದ ಆಯುಷ್ಯದಲ್ಲಿ. ಆ ಆಯುಷ್ಯವನ್ನು ನಿರ್ಧರಿಸುವವರು ಯಾರು?

1960ರ ದಶಕದಲ್ಲಿ ಕೆಲವರು ಇದೇ ಪ್ರಶ್ನೆಯ ಮೇಲೆ ಕೋಟಿಗಟ್ಟಲೆ ಹಣ ಕಟ್ಟಿದರು. 1964ರ ಏಪ್ರಿಲ್‌ನಲ್ಲಿ ಐಬಿಎಮ್ ತನ್ನ ಸಿಸ್ಟಮ್/360 ಗಣಕಗಳನ್ನು ಪ್ರಕಟಿಸಿತು. ಲೀಸ್ಕೊ ಮೊದಲಾದ ಬಾಡಿಗೆ ಕಂಪನಿಗಳು ಅವನ್ನು ಐಬಿಎಮ್‌ನಿಂದ ಕೊಂಡು, ಐಬಿಎಮ್‌ಗಿಂತ ಕಡಿಮೆ ಬಾಡಿಗೆಗೆ ಗಿರಾಕಿಗಳಿಗೆ ಕೊಟ್ಟವು. ಹೇಗೆ ಸಾಧ್ಯವಾಯಿತು? ಯಂತ್ರ ಎಂಟು ಹತ್ತು ವರ್ಷ ಬಾಳುತ್ತದೆ ಎಂದು ಅವು ಎಣಿಸಿದ್ದವು. ಐಬಿಎಮ್‌ನ ಲೆಕ್ಕದಲ್ಲಿ ಅಷ್ಟು ವರ್ಷ ಇರಲಿಲ್ಲ. ಯಂತ್ರಗಳೇನೋ ಬಾಳಿದವು. ಆದರೆ 1970ರ ಜೂನ್‌ನಲ್ಲಿ ಐಬಿಎಮ್ ಸಿಸ್ಟಮ್/370 ಸರಣಿಯನ್ನು ಹೊರತಂದಿತು. ಹಳೆಯ ಯಂತ್ರ ಸರಿಯಾಗಿ ಓಡುತ್ತಿದ್ದರೂ ಅದರ ಬೆಲೆ ಕುಸಿಯಿತು, ಬಾಡಿಗೆ ಕಂಪನಿಗಳು ನಲುಗಿದವು. ಉಪಕರಣ ಸವೆಯುವುದು ಒಂದು, ಹಳತಾಗುವುದು ಇನ್ನೊಂದು. ಸವೆತಕ್ಕೆ ಘರ್ಷಣೆ, ಶಾಖ ಕಾರಣ. ಹಳತಾಗುವುದನ್ನು ತಯಾರಕನ ಪ್ರಕಟಣೆ ನಿರ್ಧರಿಸುತ್ತದೆ. ಇಂದಿನ ರೂಟರುಗಳ ವಿಷಯದಲ್ಲೂ ಇದನ್ನು ಕಾಣಬಹುದು. ಪೆಟ್ಟಿಗೆ ಗಟ್ಟಿಮುಟ್ಟಾಗಿರುವಾಗಲೇ ಅದಕ್ಕೆ ಇನ್ನು ಸುರಕ್ಷತಾ ಪರಿಷ್ಕರಣೆ ಕೊಡುವುದಿಲ್ಲ ಎಂದು ತಯಾರಕರು ದಿನಾಂಕ ಸಾರುತ್ತಾರೆ. ಅದು ನಿಮ್ಮ ಲೆಕ್ಕದ ಐದನೆಯ ವರ್ಷದ ಹಿಂದೆ ಬೀಳುತ್ತದೋ ಮುಂದೆ ಬೀಳುತ್ತದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೊಳ್ಳುವ ಮೊದಲು ಆ ದಿನಾಂಕವನ್ನು ಬರಹದಲ್ಲಿ ಕೇಳಿ ಪಡೆಯುವುದು ಲೇಸು.

ಭಾರತ ಕಂಡ ಎರಡು ಬಾಡಿಗೆಗಳು

ಐಬಿಎಮ್ ಭಾರತಕ್ಕೆ ಬಂದದ್ದು 1950ರ ದಶಕದ ಆರಂಭದಲ್ಲಿ. ಮುಂದೆ ಇಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು ಅದರ 1401 ಎಂಬ ಗಣಕ. ಅದು ಅಮೆರಿಕದಲ್ಲಿ 1959ರಲ್ಲೇ ಬಂದಿದ್ದ ಮಾದರಿ. ಅಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ಮುಂಬಯಿಗೆ ತರಿಸಿ, ದುರಸ್ತಿ ಮಾಡಿ ಇಲ್ಲಿನ ಸಂಸ್ಥೆಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. 1970ರ ದಶಕದಲ್ಲೂ ನಮ್ಮ ಹಲವು ಕಚೇರಿಗಳು ಇದೇ ಹಳೆಯ ಪೀಳಿಗೆಯ ಗಣಕಕ್ಕೆ ಬಾಡಿಗೆ ಕಟ್ಟುತ್ತಿದ್ದವು. ಬಾಡಿಗೆದಾರನಿಗೆ ಹೊಸ ಯಂತ್ರ ಬೇಗ ಸಿಗುತ್ತದೆ ಎಂಬುದು ದೂರವಾಣಿಯ ಕತೆಯಲ್ಲಿ ನಾವು ಕಂಡ ಲಾಭ. ಇಲ್ಲಿ ಪೈಪೋಟಿ ಇರಲಿಲ್ಲ, ಆದ್ದರಿಂದ ಆ ಲಾಭವೂ ಇರಲಿಲ್ಲ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಈ ವ್ಯವಹಾರವನ್ನು ಕಟುವಾಗಿ ಟೀಕಿಸಿತು.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಒಡೆತನದ ಪಾಲು ಸಾಮಾನ್ಯವಾಗಿ ಶೇಕಡಾ 40ಕ್ಕೆ ಇಳಿಯಬೇಕಿತ್ತು. ಐಬಿಎಮ್ ಒಪ್ಪಲಿಲ್ಲ, 1978ರಲ್ಲಿ ದೇಶ ಬಿಟ್ಟಿತು. ಹಾಗಾದರೆ ರೈಲ್ವೆಯಲ್ಲಿ, ಕಾರ್ಖಾನೆಗಳಲ್ಲಿ, ಸಂಶೋಧನಾಲಯಗಳಲ್ಲಿ ಇದ್ದ ಯಂತ್ರಗಳ ಗತಿ? ಬಾಡಿಗೆಯ ಜೊತೆಗೇ ಬರುತ್ತಿದ್ದ ದುರಸ್ತಿ, ಬಿಡಿಭಾಗ, ತಿಳಿವಳಿಕೆ ಎಲ್ಲವೂ ಒಮ್ಮೆಲೇ ನಿಲ್ಲುವಂತಿತ್ತು. ಅದೃಷ್ಟಕ್ಕೆ ಸರ್ಕಾರ 1975ರ ಕೊನೆಯಲ್ಲೇ ಗಣಕ ನಿರ್ವಹಣೆಗೆಂದು ಸಿಎಮ್‌ಸಿ ಎಂಬ ನಿಗಮವನ್ನು ಹುಟ್ಟುಹಾಕಿತ್ತು. ಐಬಿಎಮ್‌ನಲ್ಲಿದ್ದ ಹಲವು ಎಂಜಿನಿಯರುಗಳು ಅದನ್ನು ಸೇರಿದರು. ಮಾಲೀಕ ಬಿಟ್ಟುಹೋದ ಯಂತ್ರಗಳನ್ನು ಅವರು ಓಡಿಸಿದರು. ನಮ್ಮ ಗಣಕ ಇತಿಹಾಸದಲ್ಲಿ ಈ ನಿರ್ವಹಣೆಯ ಜನರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನ್ನ ಭಾವನೆ. ತಂತ್ರಾಂಶ ಬರೆದವರ ಹೆಸರು ಎಲ್ಲರಿಗೂ ಗೊತ್ತು. ಕಾರ್ಡ್ ಓದುವ ಯಂತ್ರದ ಬೆಲ್ಟ್ ಬದಲಿಸಿದವರದು ಯಾರಿಗೂ ಗೊತ್ತಿಲ್ಲ.

ಹಾಗೆಂದು ಬಾಡಿಗೆ ಎಂದರೇ ಬಂಧನ ಎನ್ನುವಂತಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಬೆಂಗಳೂರಿನಲ್ಲೇ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಇಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಾಗ ಅಮೆರಿಕದೊಡನೆ ಉಪಗ್ರಹ ಸಂಪರ್ಕ ಏರ್ಪಡಿಸಿಕೊಂಡಿತು. ಅದರ ಆಂಟೆನಾ ಭಾಗಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ನೀವು ನೋಡಿರಬಹುದು. ಸಂಪರ್ಕದ ವೇಗ ಸೆಕೆಂಡಿಗೆ 64 ಸಾವಿರ ಬಿಟ್. ಒಂದು ಮೆಗಾಬೈಟ್ ಕಡತ ಕಳಿಸಲು ಎರಡು ನಿಮಿಷಕ್ಕೂ ಮಿಕ್ಕಿ ಬೇಕು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಹತ್ತಿ ಇಳಿಯಲು ಸಂಕೇತಕ್ಕೆ ಕಾಲು ಸೆಕೆಂಡ್ ಹಿಡಿಯುತ್ತದೆ. ಇಂಥ ಏರ್ಪಾಟು ದೊಡ್ಡ ಕಂಪನಿಗೆ ಸಾಧ್ಯ. ಇಪ್ಪತ್ತು ಜನರ ತಂತ್ರಾಂಶ ಸಂಸ್ಥೆ ಏನು ಮಾಡಬೇಕು?

1991ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಇದಕ್ಕೆ ಉತ್ತರವಾಯಿತು. ಎಲೆಕ್ಟ್ರಾನಿಕ್ಸ್ ಸಿಟಿಯ ಭೂಕೇಂದ್ರ ಅದರದು. ಅಲ್ಲಿಂದ ಗಿರಾಕಿಯ ಕಟ್ಟಡದವರೆಗೆ ಸೂಕ್ಷ್ಮತರಂಗದ ರೇಡಿಯೋ ಕೊಂಡಿಯೂ ಅದರದು. ರಸ್ತೆ ಅಗೆದು ತಂತಿ ಎಳೆಯುವ ರಗಳೆಯೇ ಇರಲಿಲ್ಲ. ಸಂಸ್ಥೆಗಳು ಚಂದಾ ಕಟ್ಟಿ ತಮಗೆ ಬೇಕಾದಷ್ಟು ವೇಗವನ್ನು ಪಡೆದವು. ಸಾಫ್ಟ್‌ನೆಟ್ ಎಂಬ ಈ ಸೇವೆ, ಇಂದಿನ ಮಾತಿನಲ್ಲಿ ಹೇಳುವುದಾದರೆ, ಅಚ್ಚುಕಟ್ಟಾದ ಮ್ಯಾನೇಜ್ಡ್ ನೆಟ್‌ವರ್ಕ್. ಬಂಡವಾಳವಿಲ್ಲದ ಸಣ್ಣ ಸಂಸ್ಥೆಗಳಿಗೆ ಅದಿಲ್ಲದಿದ್ದರೆ ಸಾಗರದಾಚೆಯ ಗಿರಾಕಿ ಗಗನಕುಸುಮವೇ ಆಗುತ್ತಿದ್ದ. ಅವು ಬಾಡಿಗೆಗೆ ಪಡೆದದ್ದು ತಮ್ಮಿಂದ ಕಟ್ಟಲಾಗದ ಹಾದಿಯನ್ನು. ಹಾದಿಯ ತುದಿಗೆ ಯಾವ ಗಣಕ ಇಡಬೇಕು, ಅದರಲ್ಲಿ ಏನು ಓಡಿಸಬೇಕು ಎಂಬುದು ಅವುಗಳ ಇಷ್ಟ.

ಈ ಹಂಚಿಕೆಯ ಹಿರಿಯಣ್ಣ ಅಂತರಜಾಲದ ಪೂರ್ವಜವಾದ ಅರ್ಪಾನೆಟ್. 1969ರಲ್ಲಿ ಅದನ್ನು ಕಟ್ಟುವಾಗ ಅಮೆರಿಕ ಸರ್ಕಾರ ಊರಿಂದೂರಿಗೆ ತಂತಿ ಎಳೆಯಲಿಲ್ಲ. ಎಟಿ ಅಂಡ್ ಟಿಯಿಂದ ಸೆಕೆಂಡಿಗೆ 50 ಸಾವಿರ ಬಿಟ್‌ನ ಮಾರ್ಗಗಳನ್ನು ಬಾಡಿಗೆಗೆ ಪಡೆಯಿತು. ಆದರೆ ದತ್ತಾಂಶವನ್ನು ಪೊಟ್ಟಣಗಳಾಗಿ ಅತ್ತಿತ್ತ ಕಳಿಸುವ ಸಂಗಮಸ್ಥಾನದ ಯಂತ್ರಗಳನ್ನು, ಎಂದರೆ ಇಂದಿನ ರೂಟರಿನ ಅಜ್ಜಂದಿರನ್ನು, ತನಗೆ ಬೇಕಾದಂತೆ ಮಾಡಿಸಿಕೊಂಡಿತು. ಅವನ್ನು ಮಾಡಿಕೊಟ್ಟ ಸಂಸ್ಥೆಯ ಹೆಸರು ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್. ಹೌದು, ಬಟ್ಟಲಿನ ಮೊಕದ್ದಮೆಯ ಅದೇ ಬೆರಾನೆಕ್!

ಕೊಂಡರೂ ನಿಮ್ಮದಲ್ಲದ ಪೆಟ್ಟಿಗೆ

ಈಗ ಕಪಾಟಿನ ಹಸಿರು ದೀಪಗಳ ಬಳಿಗೆ ಮರಳೋಣ. ಇಂದು ಬಾಡಿಗೆ ಮತ್ತು ಖರೀದಿಗಳ ನಡುವೆ ಮೂರನೆಯ ಒಂದು ಬಗೆ ಹುಟ್ಟಿದೆ. ಪೆಟ್ಟಿಗೆಗೆ ಪೂರ್ತಿ ಬೆಲೆ ಕೊಡುತ್ತೀರಿ, ಜೊತೆಗೆ ವಾರ್ಷಿಕ ಪರವಾನಗಿಯನ್ನೂ ಕೊಳ್ಳುತ್ತೀರಿ. ಅದರ ನಿಯಂತ್ರಣ ಫಲಕ ಇರುವುದು ತಯಾರಕನ ದೂರದ ಗಣಕದಲ್ಲಿ. ಪರವಾನಗಿ ಮುಗಿದು ಗಡುವೂ ಕಳೆದರೆ ಕೆಲವು ಉಪಕರಣಗಳು ದತ್ತಾಂಶವನ್ನು ದಾಟಿಸುವುದನ್ನೇ ನಿಲ್ಲಿಸುತ್ತವೆ. ವಿದ್ಯುತ್ ಇದೆ, ಪೆಟ್ಟಿಗೆ ನಿಮ್ಮ ಆಸ್ತಿಪಟ್ಟಿಯಲ್ಲಿದೆ, ಸವಕಳಿಯ ಲೆಕ್ಕವೂ ಬರೆದಾಗಿದೆ, ಆದರೆ ಅದು ಕೆಲಸ ಮಾಡದು. ಬೆಲ್ ಕಂಪನಿ ಕೂಡ ಇಷ್ಟು ದೂರ ಹೋಗಿರಲಿಲ್ಲ. ಅದು ತನ್ನದಲ್ಲದ ಉಪಕರಣಕ್ಕೆ ಬಾಡಿಗೆ ಕೇಳಲಿಲ್ಲ.

ಆದ್ದರಿಂದ ಕೊಳ್ಳುವುದೋ ಚಂದಾ ಕಟ್ಟುವುದೋ ಎಂಬ ಪ್ರಶ್ನೆಗೆ ಮೊದಲು ಬೇರೆ ಕೆಲವು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಇದಕ್ಕೆ ಇನ್ನೊಬ್ಬ ತಯಾರಕನ ಸ್ವಿಚ್ಚನ್ನು ಜೋಡಿಸಬಹುದೇ? ಜೋಡಿಸಿದರೆ ದುರಸ್ತಿಯ ಹೊಣೆಯಿಂದ ಕಂಪನಿ ಜಾರಿಕೊಳ್ಳುತ್ತದೆಯೇ? ಜಾಲದ ವಿನ್ಯಾಸದ ಕಡತ, ಎಂದರೆ ಯಾವ ಗಣಕ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬ ಬರಹ, ಯಾರ ಬಳಿ ಇರುತ್ತದೆ? ಅದರ ಗುಪ್ತಪದ ನಿಮ್ಮವರಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ? ನನಗೆ ತಿಳಿದ ಒಂದು ಶಿಕ್ಷಣ ಸಂಸ್ಥೆಯಲ್ಲಿ ಚಂದಾ ಒಪ್ಪಂದ ಮುಗಿದಾಗ ಪೆಟ್ಟಿಗೆಗಳನ್ನು ಕಂಪನಿಯವರು ಕ್ರಮವಾಗಿ ಬಿಚ್ಚಿಕೊಂಡು ಹೋದರು. ಅದು ಅವರ ಹಕ್ಕು, ಯಾರೂ ದೂರಲಿಲ್ಲ. ಆದರೆ ಆರು ವರ್ಷಗಳ ವಿನ್ಯಾಸದ ಒಂದು ಹಾಳೆಯೂ ಸಂಸ್ಥೆಯಲ್ಲಿ ಉಳಿದಿರಲಿಲ್ಲ. ಹೊಸಬರು ಬಂದು ಪ್ರತಿ ಕೋಣೆಯ ತಂತಿಯನ್ನೂ ಎಳೆದೆಳೆದು ಗುರುತು ಹಚ್ಚಬೇಕಾಯಿತು. ಪರೀಕ್ಷೆಯ ಹೊತ್ತಿಗೆ ಆ ಕೆಲಸ ಮುಗಿದಿರಲಿಲ್ಲ.

ಇನ್ನೊಂದು ಸಂಗತಿ ಒಪ್ಪಂದಪತ್ರಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮೊಬೈಲ್ ಕಂಪನಿಯನ್ನು ಬದಲಿಸಿದರೆ ಹಿಂದೆ ಸಂಖ್ಯೆಯೂ ಬದಲಾಗುತ್ತಿತ್ತು. ಸಂಖ್ಯೆ ಕಂಪನಿಯ ಸ್ವತ್ತಾಗಿತ್ತು. 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆ ನಮ್ಮ ಜೊತೆಗೇ ಬರುವಂತಾಯಿತು. ಅಂತರಜಾಲದಲ್ಲಿ ನಿಮ್ಮ ಸಂಸ್ಥೆಯನ್ನು ಗುರುತಿಸುವ ಐಪಿ ವಿಳಾಸ ಮಾತ್ರ ಸಾಮಾನ್ಯವಾಗಿ ಸೇವೆ ಕೊಡುವ ಕಂಪನಿಯದೇ. ಕಂಪನಿ ಬದಲಿಸಿದರೆ ಅದು ಅಲ್ಲಿಯೇ ಉಳಿಯುತ್ತದೆ. ಅದನ್ನೇ ನಂಬಿಕೊಂಡ ಸರ್ವರು, ಶಾಖೆಗಳ ನಡುವಿನ ಗುಪ್ತ ಮಾರ್ಗ, ಹೊರಗಿನವರು ತಮ್ಮ ಫೈರ್‌ವಾಲ್‌ನಲ್ಲಿ ನಿಮಗಾಗಿ ತೆರೆದ ಬಾಗಿಲು ಎಲ್ಲವನ್ನೂ ತಿದ್ದಬೇಕು. ದೊಡ್ಡ ಸಂಸ್ಥೆಗಳು 2012ರಿಂದ ಐಆರ್‌ಐಎನ್‌ಎನ್ ಎಂಬ ಭಾರತೀಯ ನೋಂದಣಿ ಸಂಸ್ಥೆಯಿಂದ ತಮ್ಮ ಹೆಸರಿನಲ್ಲೇ ವಿಳಾಸಗಳನ್ನು ಪಡೆಯಬಹುದಾಗಿದೆ. ಹೀಗೆ ಪಡೆದ ವಿಶ್ವವಿದ್ಯಾಲಯವೊಂದು ರೂಟರನ್ನು ಬಾಡಿಗೆಗೆ ಇಟ್ಟುಕೊಂಡಿದ್ದರೂ, ಚಂದಾ ಮುಗಿದ ದಿನ ಹೊಸ ಕಂಪನಿಯ ತಂತಿಯನ್ನು ಸಿಕ್ಕಿಸಿ, ತನ್ನ ವಿಳಾಸಗಳಿಗೆ ಇನ್ನು ಈ ದಾರಿ ಎಂದು ಉಳಿದ ಜಾಲಗಳಿಗೆ ಅದರ ಮೂಲಕ ಸಾರಬಹುದು.